ಸುಂಕಸಾಳದ ಹಳೆಯ ಹೆಂಚಿನ ಮನೆ: ಕೊಳ್ಳುವ ಮುನ್ನ

ಅಂಕೋಲಾ–ಹುಬ್ಬಳ್ಳಿ ಹೆದ್ದಾರಿಯ ಸುಂಕಸಾಳದಂಥ ಊರಿನಲ್ಲಿ ಮಾರಾಟಕ್ಕಿರುವ ಹಳೆಯ ಮನೆಯಲ್ಲಿ ಗೋಡೆಗಿಂತ ಮೊದಲು ನೋಡಬೇಕಾದದ್ದು ನೆಲದ ಎತ್ತರ. 2019ರ ಆಗಸ್ಟಿನಲ್ಲಿ ಗಂಗಾವಳಿ ಉಕ್ಕಿ ನದಿಯಂಚಿನ ಮನೆಗಳಿಗೆ ನುಗ್ಗಿತ್ತು. ಆಗ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮಾರುವವರಿಗಿಂತ ನೆರೆಯವರನ್ನು ಕೇಳುವುದು ಲೇಸು. ಹಿತ್ತಿಲು ಗುಡ್ಡಕ್ಕೆ ತಾಗಿದ್ದರೆ ಧರೆ ಕಡಿದ ರೀತಿಯನ್ನೂ ಗಮನಿಸಬೇಕು. 2024ರ ಜುಲೈನಲ್ಲಿ ಸುಂಕಸಾಳವಿರುವ ಅಂಕೋಲಾ ತಾಲ್ಲೂಕಿನದೇ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಜೀವಹಾನಿಯಾಯಿತು.

ಚಿರೇಕಲ್ಲಿನ ಗೋಡೆ ಗಟ್ಟಿ, ಆದರೆ ಗಾರೆ ಉದುರಿದಲ್ಲಿ ನೀರು ಹೀರುತ್ತದೆ. ಹೊಸದಾಗಿ ಸುಣ್ಣ ಬಳಿದ ಮನೆಯನ್ನಂತೂ ಮಳೆಗಾಲದಲ್ಲೇ ನೋಡಬೇಕು. ಒಡೆದ ಹೆಂಚು ಅಗ್ಗದ ರಿಪೇರಿ. ಹೆಂಚು ಹೊರುವ ಪಕಾಸಿಗೆ ಗೆದ್ದಲು ಹಿಡಿದಿದ್ದರೆ ಹಾಗಲ್ಲ. ಅದು ಗೋಡೆ ಸೇರುವ ತುದಿಯನ್ನು ಚೂರಿಯಿಂದ ಚುಚ್ಚಿದರೆ ಗುಟ್ಟು ಬಯಲಾಗುತ್ತದೆ. ಬಾವಿಯ ಪರೀಕ್ಷೆಗೆ ಮೇ ತಿಂಗಳೇ ಸರಿ.

ತೊಡಕಿರುವುದು ಕಾಗದಪತ್ರದಲ್ಲಿ. ಉತ್ತರ ಕನ್ನಡದ ಬಹುಭಾಗ ಅರಣ್ಯ. ಅತಿಕ್ರಮಣ ಜಾಗದ ಮನೆಗಳು ಇಲ್ಲಿ ಅಪರೂಪವಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಿಕ್ಕ ಭೂಮಿ ಮಕ್ಕಳಿಗೆ ದಾಟುತ್ತದೆ, ಆದರೆ ಮಾರಲು ಬರುವುದಿಲ್ಲ. ಮನೆ ತೆರಿಗೆ ರಸೀದಿ ಒಡೆತನದ ಪುರಾವೆಯಲ್ಲ. ಪಹಣಿ, ಋಣಭಾರ ಪತ್ರ, ಪಂಚಾಯಿತಿಯ ಇ-ಸ್ವತ್ತು ದಾಖಲೆ, ಅಣ್ಣತಮ್ಮಂದಿರ ಪಾಲುಪಟ್ಟಿ ಒಂದಕ್ಕೊಂದು ಹೊಂದಿದ ಮೇಲಷ್ಟೇ ಮುಂಗಡ ಕೊಡಬೇಕು.