ಕೊಠಡಿಯಿಂದ ಕಾಲೇಜಿಗೆ ಎಷ್ಟು ದೂರ?

ನಮ್ಮ ಹಿರಿಯರು ದೂರವನ್ನು ಹರದಾರಿಗಳಲ್ಲಿ ಎಣಿಸುತ್ತಿದ್ದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಆರೋಗ್ಯವಂತನಾದ ಮನುಷ್ಯನು ಒಂದು ಗಂಟೆಯಲ್ಲಿ ನಡೆದು ಮುಗಿಸುವ ದಾರಿ. ನಡೆಯುವವನಿಗೆ ದೂರವನ್ನು ಹೇಳಿದರೆ ಕಾಲವನ್ನೂ ಹೇಳಿದಂತಾಗುತ್ತಿತ್ತು. ಬಸ್ಸು, ರೈಲುಗಳು ಬಂದ ಮೇಲೆ ಈ ನಂಟು ಕಡಿದುಹೋಯಿತು. ಆದರೂ ಬೆಂಗಳೂರಿಗೆ ಓದಲು ಬಂದು ಕೊಠಡಿ ಹುಡುಕುವ ವಿದ್ಯಾರ್ಥಿಯು ಮೊದಲು ಕೇಳುವುದು, "ಕಾಲೇಜಿಗೆ ಎಷ್ಟು ಕಿಲೋಮೀಟರು?" ಎಂದೇ. ಇದಕ್ಕೆ ದೊರೆಯುವ ಉತ್ತರದಿಂದ ಅವನಿಗೆ ಹೆಚ್ಚಿನ ಪ್ರಯೋಜನವಿಲ್ಲ.

ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಸೇರಿದ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ಎರಡು ಕಿಲೋಮೀಟರು ದೂರದಲ್ಲಿ ಒಂದು ಕೊಠಡಿಯಿದ್ದರೆ ಅವನು ಸುಮಾರು 25 ನಿಮಿಷಗಳಲ್ಲಿ ನಡೆದು ಬರುತ್ತಾನೆ. ಸೋಮವಾರವೂ ಅಷ್ಟೇ, ಶನಿವಾರವೂ ಅಷ್ಟೇ. ಯಲಚೇನಹಳ್ಳಿಯಲ್ಲಿದ್ದರೆ ಹಸಿರು ಮಾರ್ಗದ ಮೆಟ್ರೋ ಅವನನ್ನು ನೇರವಾಗಿ ಕಾಲೇಜಿನ ಹೆಸರಿನ ನಿಲ್ದಾಣಕ್ಕೇ ತಂದಿಳಿಸುತ್ತದೆ. ಕೆಂಗೇರಿಯಲ್ಲಿದ್ದರೆ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ವರೆಗೆ ಬಂದು ಅಲ್ಲಿ ಗಾಡಿ ಬದಲಾಯಿಸಬೇಕು. ಗಾಡಿಯಲ್ಲಿ ಕುಳಿತಿರುವ ಕಾಲವನ್ನು ಯಾರಾದರೂ ಹೇಳಿಯಾರು. ಕೊಠಡಿಯಿಂದ ನಿಲ್ದಾಣಕ್ಕೆ ನಡೆಯುವ, ಗಾಡಿಗಾಗಿ ಕಾಯುವ, ಮೆಟ್ಟಿಲು ಹತ್ತಿಳಿಯುವ ಕಾಲವನ್ನು ಮನೆಯ ಮಾಲೀಕರು ಎಂದೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇವುಗಳಲ್ಲಿ ಕಾಯುವಿಕೆಯೇ ವಿಚಿತ್ರವಾದುದು. ಹತ್ತು ನಿಮಿಷಕ್ಕೊಂದು ಬಸ್ಸು ಇದ್ದರೆ ಸರಾಸರಿ ಐದು ನಿಮಿಷ ಕಾಯಬೇಕೆಂದು ನಾವು ಎಣಿಸುತ್ತೇವೆ. ಬಸ್ಸುಗಳು ಗಡಿಯಾರದಂತೆ ಬಂದರೆ ಅದು ಸರಿ. ಆದರೆ ಒಂದು ಬಸ್ಸು 5 ನಿಮಿಷಕ್ಕೂ ಮುಂದಿನದು 15 ನಿಮಿಷಕ್ಕೂ ಬರುತ್ತಿದೆಯೆನ್ನೋಣ. ಆಗಲೂ ಸರಾಸರಿ ಅಂತರ ಹತ್ತೇ ನಿಮಿಷ. ಆದರೆ ಪ್ರತಿ 20 ನಿಮಿಷಗಳಲ್ಲಿ 15 ನಿಮಿಷಗಳು ದೀರ್ಘವಾದ ಬಿಡುವಿಗೆ ಸೇರಿದವು. ಆದುದರಿಂದ ನಿಲ್ದಾಣಕ್ಕೆ ಬರುವ ನಾಲ್ವರಲ್ಲಿ ಮೂವರು ಆ ಬಿಡುವಿನಲ್ಲಿಯೇ ಸಿಕ್ಕಿಕೊಳ್ಳುತ್ತಾರೆ. ಅವರು ಕಾಯುವುದು ಸರಾಸರಿ ಏಳೂವರೆ ನಿಮಿಷ. ನಾಲ್ಕನೆಯವನು ಮಾತ್ರ ಎರಡೂವರೆ ನಿಮಿಷದಲ್ಲಿ ಪಾರಾಗುತ್ತಾನೆ. ಒಟ್ಟು ಸರಾಸರಿ ಆರೂಕಾಲು ನಿಮಿಷ. "ನಾನು ಹೋದಾಗಲೇ ಬಸ್ಸು ಬರುವುದಿಲ್ಲ" ಎಂಬ ದೂರಿನಲ್ಲಿ ದುರದೃಷ್ಟಕ್ಕಿಂತ ಗಣಿತವೇ ಹೆಚ್ಚು.

ಬಸ್ಸುಗಳು ಹೀಗೆ ಗುಂಪುಗೂಡುವುದೇಕೆ? ಸಿಗ್ನಲ್ಲಿನಲ್ಲಿ ಒಂದು ಬಸ್ಸು ಎರಡು ನಿಮಿಷ ತಡವಾಯಿತೆನ್ನಿ. ಮುಂದಿನ ನಿಲ್ದಾಣದಲ್ಲಿ ಅದಕ್ಕಾಗಿ ಹೆಚ್ಚು ಜನ ಕೂಡಿರುತ್ತಾರೆ. ಅವರು ಹತ್ತುವಷ್ಟರಲ್ಲಿ ಅದು ಇನ್ನಷ್ಟು ತಡವಾಗುತ್ತದೆ. ಅದರ ಹಿಂದಿನ ಬಸ್ಸಿಗಾದರೋ ಜನ ಕಡಿಮೆ; ಅದು ಬೇಗಬೇಗನೆ ಹೊರಟು ಮುಂದಿನದನ್ನು ಹಿಡಿಯುತ್ತದೆ. ಕೊನೆಗೆ ತುಂಬಿ ತುಳುಕುವ ಬಸ್ಸೊಂದೂ ಅದರ ಬೆನ್ನಿಗೇ ಖಾಲಿ ಬಸ್ಸೊಂದೂ ಬರುತ್ತವೆ. ಡ್ರೈವರನನ್ನು ಬಯ್ದು ಪ್ರಯೋಜನವಿಲ್ಲ. ಮೆಟ್ರೋಗೆ ತನ್ನದೇ ಹಳಿಯಿರುವುದರಿಂದ ಈ ರೋಗ ಬಹಳ ಕಡಿಮೆ. ಆದರೆ ಅಲ್ಲಿಯೂ ಗಾಡಿಗಳ ನಡುವಣ ಅಂತರವನ್ನು ವಿಚಾರಿಸಬೇಕು. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದ ಹಳದಿ ಮಾರ್ಗವು ತೆರೆದಾಗ ಗಾಡಿಗಳು ಸಾಲದೆ 25 ನಿಮಿಷಕ್ಕೊಂದರಂತೆ ಓಡಿದವು. ಅಂತಹ ಕಡೆ ವೇಳಾಪಟ್ಟಿಯನ್ನು ನೋಡದೆ ಹೊರಟವನಿಗೆ ಹನ್ನೆರಡು ನಿಮಿಷ ನಿಂತೇ ಕಳೆಯುತ್ತದೆ.

ಇನ್ನು ಸರಾಸರಿಯ ವಿಷಯ. ಒಂದು ದಾರಿಯು ಐದು ದಿನಗಳಲ್ಲಿ 39, 40, 40, 40, 41 ನಿಮಿಷ ಹಿಡಿಯಿತು. ಇನ್ನೊಂದು 25, 28, 30, 32, 65 ನಿಮಿಷ ಹಿಡಿಯಿತು. ಮೊದಲನೆಯದರ ಸರಾಸರಿ 40, ಎರಡನೆಯದರದು 36. ಕಾಗದದ ಮೇಲೆ ಎರಡನೆಯದೇ ಮೇಲು. ಆದರೆ ಆ 65 ನಿಮಿಷದ ದಿನ ಯಾವುದೆಂದು ಬೆಳಗ್ಗೆ ತಿಳಿಯುವುದಿಲ್ಲವಷ್ಟೆ! ಎಂದೂ ತಡವಾಗಬಾರದೆನ್ನುವವನು ಪ್ರತಿದಿನವೂ 65 ನಿಮಿಷ ಮುಂಚಿತವಾಗಿಯೇ ಹೊರಡಬೇಕು. ಬಹುಮಟ್ಟಿನ ವಿಶ್ವವಿದ್ಯಾನಿಲಯಗಳು ಶೇಕಡಾ 75ರಷ್ಟು ಹಾಜರಿಯಿಲ್ಲದವರನ್ನು ಪರೀಕ್ಷೆಗೆ ಕೂಡಿಸುವುದಿಲ್ಲ. ಮೊದಲ ಗಂಟೆಯ ಪಾಠವನ್ನು ವಾರಕ್ಕೆರಡು ಸಲ ತಪ್ಪಿಸಿಕೊಳ್ಳುವವನು ಆ ಗೆರೆಗೆ ಬೇಗನೆ ಸಮೀಪಿಸುತ್ತಾನೆ.

ಯಾವ ಕಾಲದ, ಯಾವ ದೇಶದ ಜನರೂ ದಿನಕ್ಕೆ ಸುಮಾರು ಒಂದು ಗಂಟೆಯನ್ನು ಓಡಾಟಕ್ಕೆ ಕೊಡುತ್ತಾರೆಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿಯವರು 1994ರಲ್ಲಿ ವಾದಿಸಿದರು. ಇದನ್ನು ಪ್ರಕೃತಿನಿಯಮವೆಂದು ಒಪ್ಪಲು ನಮಗೆ ಸಂಕೋಚವಿದ್ದರೂ ಕೊಠಡಿ ಹುಡುಕುವವನಿಗೆ ಇದೊಂದು ಒಳ್ಳೆಯ ಅಳತೆಗೋಲು: ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ.

ಆದರೆ ದೂರದ ಕೊಠಡಿಯ ಬಾಡಿಗೆ ಕಡಿಮೆ; ಊರಿನಿಂದ ಬರುವ ಹಣವೂ ಅಳತೆಯದೇ. ಆ ಉಳಿತಾಯವನ್ನೂ ತೂಗಿ ನೋಡೋಣ. ಬಾಡಿಗೆಯಲ್ಲಿ ತಿಂಗಳಿಗೆ 2000 ರೂಪಾಯಿ ಉಳಿಯಿತು, ಅದರಲ್ಲಿ 1000 ಪ್ರಯಾಣಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ದಿನಕ್ಕೆ 80 ನಿಮಿಷ ಹೆಚ್ಚಾದರೆ 24 ದಿನಗಳಲ್ಲಿ 32 ಗಂಟೆ. ಅಂದರೆ ನಿದ್ರೆಯ ಅಥವಾ ಓದಿನ ಒಂದೊಂದು ಗಂಟೆಯನ್ನೂ 31 ರೂಪಾಯಿಗೆ ಮಾರಿದಂತಾಯಿತು. ವಿದ್ಯಾರ್ಥಿನಿಯರ ಲೆಕ್ಕ ಬೇರೆ. 2023ರ ಜೂನ್‌ 11ರಂದು ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣ ಆರಂಭವಾದ ಮೇಲೆ, ಬಸ್ಸಿನಲ್ಲಿಯೇ ಓಡಾಡುವವರಿಗೆ ಆ ಗಂಟೆಯ ಬೆಲೆ 62 ರೂಪಾಯಿಗೆ ಏರುತ್ತದೆ. ಈ ಬೆಲೆ ಸಾಕೇ ಎಂಬುದನ್ನು ಅವರವರೇ ಹೇಳಬೇಕು. ಕೈಯಲ್ಲಿ ಹಣವಿಲ್ಲದಿದ್ದರೆ ಸಾಕೆಂದೇ ಹೇಳಬೇಕಾದೀತು. ಆಗ ಗಾಡಿ ಬದಲಾಯಿಸಬೇಕಿಲ್ಲದ ದಾರಿಯನ್ನಾದರೂ ಆರಿಸಿಕೊಳ್ಳುವುದು ಲೇಸು.

ಕೊಠಡಿ ನೋಡಲು ಎಲ್ಲರೂ ಹೋಗುವುದು ಭಾನುವಾರ. ಅಂದು ರಸ್ತೆಗಳು ಬರಿದಾಗಿರುತ್ತವೆ. ಮುಂಗಡ ಕೊಡುವ ಮೊದಲು ಒಂದು ಸೋಮವಾರ ಬೆಳಗ್ಗೆ ಆ ಬಾಗಿಲಿನಿಂದ ತರಗತಿಯ ಬಾಗಿಲಿನವರೆಗೆ ಗಡಿಯಾರ ಹಿಡಿದು ಬರಬೇಕು; ಸಂಜೆ ಹಿಂದಿರುಗಿಯೂ ನೋಡಬೇಕು. ಅಲ್ಲಿ ಈಗಾಗಲೇ ಇರುವ ವಿದ್ಯಾರ್ಥಿಯನ್ನು ಕೇಳುವುದಾದರೆ, ಕಾಲೇಜಿಗೆ ಎಷ್ಟು ಹೊತ್ತು ಬೇಕೆಂದು ಕೇಳದೆ, ಈ ತಿಂಗಳಲ್ಲಿ ಅತಿ ತಡವಾದ ದಿನ ಎಷ್ಟು ಹೊತ್ತಾಯಿತೆಂದು ಕೇಳಬೇಕು.