ಕವಿಮನೆ ಮತ್ತು ಗ್ರಂಥಭಂಡಾರ: ತುಳುನಾಡಿನ ಒಂದು ನಿದರ್ಶನ

ಸಾಹಿತಿಯೊಬ್ಬನ ಸ್ಮರಣೆ ಉಳಿಯುವುದು ಅವನ ಕೃತಿಗಳಲ್ಲಿ. ವಾಸದ ಮನೆಯಲ್ಲಿ ಅಲ್ಲ ಎಂಬುದು ನಮ್ಮ ಪರಂಪರೆಯ ನಿಲುವಾಗಿದ್ದಂತೆ ತೋರುತ್ತದೆ. 16ನೆಯ ಶತಮಾನದಲ್ಲಿ 'ಭರತೇಶ ವೈಭವ'ವನ್ನು ಸಾಂಗತ್ಯದಲ್ಲಿ ರಚಿಸಿದ ರತ್ನಾಕರವರ್ಣಿಯ ಊರು ಮೂಡುಬಿದಿರೆ. ಅಲ್ಲಿ ಬಸದಿ, ಮಠಗಳು ತಾಳೆಗರಿಗಳನ್ನು ಶತಮಾನಗಳ ಕಾಲ ಜೋಪಾನ ಮಾಡಿದವು. ಕವಿಯ ಮನೆಯನ್ನು ಯಾರೂ ಕಾಯ್ದಿಡಲಿಲ್ಲ. 1874ರಲ್ಲಿ ಬಂಟವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರನ್ನೂ ನಾಡು ನೆನೆಯುವುದು ಮಕ್ಕಳ ಪದ್ಯ, ಕತೆಗಳ ಮೂಲಕವೇ.

ಕವಿಯ ಮನೆಯನ್ನೇ ಸ್ಮಾರಕವಾಗಿಸುವ ಕ್ರಮ ಕನ್ನಡದಲ್ಲಿ ಈಚಿನದು. ಕುಪ್ಪಳಿಯಲ್ಲಿ ಕುವೆಂಪು ಅವರ ತೊಟ್ಟಿಮನೆ ವಸ್ತುಸಂಗ್ರಹಾಲಯವಾಗಿದೆ. ತುಳುನಾಡಿನಲ್ಲಿ ಇದಕ್ಕೆ ಸಮೀಪದ ನಿದರ್ಶನ ಮಂಜೇಶ್ವರದಲ್ಲಿರುವ ಗೋವಿಂದ ಪೈಗಳ ಮನೆ. 1883ರಲ್ಲಿ ಮಂಜೇಶ್ವರದಲ್ಲಿಯೇ ಜನಿಸಿದ ಪೈಗಳು ತಾಯಿಯ ಕಡೆಯಿಂದ ಬಂದ ಈ ಮನೆಯಲ್ಲಿ ನೆಲೆಸಿ, ಪದವಿ ವ್ಯಾಸಂಗ ಮುಗಿಸದೆಯೂ ಅನೇಕ ಭಾಷೆಗಳನ್ನು ಸ್ವಂತ ಶ್ರಮದಿಂದ ಕಲಿತರು. ಕನ್ನಡ ಕವಿತೆಯನ್ನು ದ್ವಿತೀಯಾಕ್ಷರ ಪ್ರಾಸದ ಕಟ್ಟಿನಿಂದ ಬಿಡಿಸಿದ ಕೀರ್ತಿ ಅವರದು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಬಿರುದನ್ನಿತ್ತಿತು.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತ ರಚನೆಯಾದಾಗ ಮಂಜೇಶ್ವರ ಕೇರಳಕ್ಕೆ ಸೇರಿತು. ಕವಿ ಮನೆ ಬದಲಿಸಲಿಲ್ಲ. ಆದರೆ ಮನೆಯಿದ್ದ ರಾಜ್ಯ ಬದಲಾಯಿತು. 1963ರಲ್ಲಿ ಪೈಗಳು ತೀರಿಕೊಂಡ ಬಳಿಕ ಅವರ ಗ್ರಂಥಸಂಗ್ರಹ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನು ಸೇರಿತು. ಅವರ ಹೆಸರಿನ ಸಂಶೋಧನ ಕೇಂದ್ರವೂ ಅಲ್ಲಿಯೇ ಬೆಳೆಯಿತು. ಮನೆಯಾದರೋ ಬಹುಕಾಲದ ಅನಂತರ, ಅವರ ಮೊದಲ ಕವನಸಂಕಲನದ ಹೆಸರಾದ 'ಗಿಳಿವಿಂಡು' ಎಂಬ ನಾಮಧೇಯದಿಂದ ಸ್ಮಾರಕವಾಯಿತು.

ಹೀಗೆ ಒಬ್ಬನೇ ವಿದ್ವಾಂಸನ ಮನೆ ಒಂದು ರಾಜ್ಯದಲ್ಲಿ, ಗ್ರಂಥಗಳು ಇನ್ನೊಂದರಲ್ಲಿ ಉಳಿದವು. ಗ್ರಂಥಗಳು ಉಡುಪಿಗೆ ಬಂದುದರಿಂದ ಅವು ಅಧ್ಯಯನಕ್ಕೆ ಒದಗಿದವು. ಇದು ಲಾಭವೇ ಸರಿ. ಆದರೆ ಪೈಗಳಂತಹ ಸಂಶೋಧಕರ ಮಟ್ಟಿಗೆ ಗ್ರಂಥಭಂಡಾರವೇ ಮನೆಯ ಜೀವ. ಮಂಜೇಶ್ವರಕ್ಕೆ ಬಂದ ಸಂದರ್ಶಕನಿಗೆ ಕವಿ ಬದುಕಿದ ಸ್ಥಳ ಕಾಣುತ್ತದೆ. ಅವರ ಓದಿನ ವಿಸ್ತಾರವನ್ನರಿಯಲು ಆತ ಉಡುಪಿಗೆ ಹೋಗಬೇಕಾಗುತ್ತದೆ. ಗ್ರಂಥಗಳ ಸೂಚಿಯನ್ನೂ ಹಸ್ತಾಕ್ಷರಗಳ ಪ್ರತಿಗಳನ್ನೂ ಮನೆಯಲ್ಲಿ ದೊರಕುವಂತೆ ಮಾಡಿದರೆ ಈ ಅಂತರ ಕುಗ್ಗುತ್ತದೆ. ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಅಂತಹ ಮನೆ ಕೇವಲ ನೋಟದ ತಾಣವಾಗಿ ಉಳಿಯದೆ, ತನ್ನ ಭಾಷೆಯ ವಿದ್ವತ್ತು ತನ್ನ ಊರಿನಲ್ಲೇ ಬೆಳೆದಿತ್ತೆಂಬುದಕ್ಕೆ ಸಾಕ್ಷಿಯಾಗಬಲ್ಲದು.