ಸೈಕಲ್ಲಿನ ಸರಪಣಿ: ದುರಸ್ತಿಯೋ, ಬದಲಾವಣೆಯೋ?

ಕಲಬುರಗಿಯಿಂದ ಕಮಲಾಪುರಕ್ಕೆ ಹೊರಟ ಸೈಕಲ್ಲಿನ ಸರಪಣಿ ನಡುದಾರಿಯಲ್ಲಿ ತುಂಡಾಯಿತೆನ್ನೋಣ. ಮುರಿದ ಕೊಂಡಿಯನ್ನಷ್ಟೇ ಬದಲಿಸಿದರೆ ಸಾಕೇ? ಹೊಸ ಸರಪಣಿಯನ್ನೇ ಕೊಳ್ಳಬೇಕೇ? ಇದನ್ನು ಸಾಮಾನ್ಯ ಅಳತೆಪಟ್ಟಿಯೇ ಹೇಳಬಲ್ಲದು.

ಹೊಸ ಸರಪಣಿಯಲ್ಲಿ ಕೀಲಿನಿಂದ ಕೀಲಿಗೆ ಅರ್ಧ ಅಂಗುಲ. 24 ಅಂತರಗಳಿಗೆ ಸರಿಯಾಗಿ 12 ಅಂಗುಲ. ಎರೆನೆಲದ ಧೂಳು ಎಣ್ಣೆಯೊಡನೆ ಬೆರೆತು ಕೀಲುಗಳನ್ನು ಅರೆಯುತ್ತದೆ. ಒಂದೊಂದು ಕೀಲು ಕೂದಲೆಳೆಯಷ್ಟು ಸವೆದರೂ ಆ 12 ಅಂಗುಲಕ್ಕೆ 1/16 ಅಂಗುಲ ಸೇರಿಬಿಡುತ್ತದೆ. ಸರಪಣಿ ‘ಹಿಗ್ಗಿತು’ ಎಂದು ನಾವು ಹೇಳುವುದು ಇದನ್ನೇ. ವಾಸ್ತವವಾಗಿ ಉಕ್ಕು ಹಿಗ್ಗಿರುವುದಿಲ್ಲ, ಕೀಲುಗಳು ಸಡಿಲಗೊಂಡಿರುತ್ತವೆ.

ಹೆಚ್ಚಳ ಇದಕ್ಕಿಂತ ಕಡಮೆಯಿದ್ದರೆ ಕೊಂಡಿಯ ದುರಸ್ತಿ ಸಾಕು. ಇಷ್ಟಾಗಿದ್ದರೆ ಸರಪಣಿಯನ್ನೇ ಬದಲಿಸಬೇಕು. ತಡಮಾಡಿದರೆ ಅದು ಚಕ್ರದ ಹಲ್ಲುಗಳನ್ನೂ ಸವೆಸೀತು. ಏರುದಾರಿಯಲ್ಲಿ ಮತ್ತೆ ತುಂಡಾಗಿ ಸವಾರನನ್ನೂ ಕೆಡವೀತು.